ಕಡಲಪಾಚಿ ಮತ್ತು ವೈದ್ಯನ ಕೈ

ನವಲಗುಂದದಲ್ಲಿ ಮಗ್ಗದ ಮುಂದೆ ಕುಳಿತು ಜಮಖಾನೆ ನೇಯುವ ಹೆಣ್ಣುಮಗಳು ಒಂದು ಎಳೆಯನ್ನು ತಪ್ಪಾಗಿ ಸೇರಿಸಿದರೆ ಅದನ್ನು ಬಿಚ್ಚಿ ಮತ್ತೆ ನೇಯಬಲ್ಲಳು. ಕಲಘಟಗಿಯ ತೊಟ್ಟಿಲಿಗೆ ಬಣ್ಣ ತುಂಬುವ ಚಿತ್ರಗಾರನು ಗೆರೆ ಕೆಟ್ಟಿತೆಂದು ಕಂಡರೆ ಅದನ್ನು ಕೆರೆದು ತೆಗೆದು ಹೊಸದಾಗಿ ಎಳೆಯಬಲ್ಲನು. ಕೆಟ್ಟುದನ್ನು ಬಿಚ್ಚಿ ಮತ್ತೆ ಕಟ್ಟುವ ಈ ಅವಕಾಶದಲ್ಲಿಯೇ ಕುಶಲಕರ್ಮಿಯ ಕೈ ಪಳಗುತ್ತದೆ. ವೈದ್ಯನ ಕೈಗೆ ಮಾತ್ರ ಇಂತಹ ಅನುಕೂಲವಿಲ್ಲ. ಅವನು ಕೆಲಸ ಮಾಡುವ ವಸ್ತುವು ನೂಲಲ್ಲ, ಮರವಲ್ಲ. ನೋವನ್ನು ಅರಿಯುವ, ನೆತ್ತರು ಹರಿಯುವ ಜೀವಂತ ದೇಹ. ಅದರಲ್ಲಿ ತಪ್ಪಿದ ಗೆರೆಯನ್ನು ಕೆರೆದು ತೆಗೆಯಲು ಬರುವುದಿಲ್ಲ. ಹಾಗಿರುವಾಗ ವೈದ್ಯನು ತನ್ನ ಮೊದಲ ತಪ್ಪುಗಳನ್ನು ಎಲ್ಲಿ ಮಾಡಬೇಕು?

ಈ ಪ್ರಶ್ನೆ ಧಾರವಾಡ ಜಿಲ್ಲೆಯ ಎರೆಭೂಮಿಯ ಹಳ್ಳಿಗಳಿಗೆ ದೂರದ ಮಾತಲ್ಲ. ಸುಗ್ಗಿಯ ಕಾಲದಲ್ಲಿ ಕುಡಗೋಲು ತಾಗಿ ಸೀಳಿದ ಅಂಗೈ, ಎತ್ತು ಹಾಯ್ದು ಆದ ಗಾಯ, ವಾಂತಿಭೇದಿಯಿಂದ ಬಾಡಿ ಮಲಗಿದ ಕೂಸು - ಇವು ಕುಂದಗೋಳ, ಅಣ್ಣಿಗೇರಿಗಳಂತಹ ಊರುಗಳ ಆಸ್ಪತ್ರೆಗಳಿಗೆ ಬರುವ ನಿತ್ಯದ ಕಷ್ಟಗಳು. ಗಾಯಕ್ಕೆ ಹೊಲಿಗೆ ಹಾಕಬೇಕು. ಕೂಸಿಗೆ ಸಲಾಯಿನ್ ಹಚ್ಚಬೇಕು. ದೇಹದ ನೀರು ಆರಿದ ಕೂಸಿನ ಕೈಯಲ್ಲಿ ರಕ್ತನಾಳವು ದಾರದ ಎಳೆಯಷ್ಟು ತೆಳ್ಳಗಾಗಿ ಒಳಗೆ ಕುಸಿದಿರುತ್ತದೆ. ಹಳ್ಳಿಯ ಜನರು ಇದನ್ನೇ 'ನರ ಸಿಗುವುದಿಲ್ಲ' ಎನ್ನುತ್ತಾರೆ. ಒಮ್ಮೆ ಚುಚ್ಚಿ, ಸಿಗದೆ ಹೋಗಿ, ಮತ್ತೊಮ್ಮೆ ಚುಚ್ಚುವಾಗ ತಾಯಿಯ ಮುಖವನ್ನು ನೋಡಬೇಕು. ಆ ಹೊತ್ತಿಗೆ ದಾದಿಯ ಕೈಗೆ ಬೇಕಾದುದು ಪುಸ್ತಕದ ಜ್ಞಾನವಲ್ಲ. ನೂರು ಸಲ ಮಾಡಿ ರೂಢಿಯಾದ ಅಭ್ಯಾಸ.

ವೈದ್ಯಕೀಯ ಶಿಕ್ಷಣದಲ್ಲಿ ಬಹುಕಾಲ ಜಗತ್ತಿನಾದ್ಯಂತ ನಡೆದುಬಂದ ಒಂದು ಮಾತಿದೆ: ಒಂದನ್ನು ನೋಡು, ಒಂದನ್ನು ಮಾಡು, ಒಂದನ್ನು ಕಲಿಸು. ಕೇಳಲು ಚೆಲುವಾದ ಮಾತು. ಆದರೆ ನಡುವಿನ ಆ 'ಒಂದು' ಯಾರು ಎಂಬುದನ್ನು ಆ ಮಾತು ಹೇಳುವುದಿಲ್ಲ. ಅದು ಒಬ್ಬ ಮನುಷ್ಯ. ಹೆಚ್ಚಿನ ಸಲ ಬೇರೆ ಕಡೆ ಹೋಗಲು ಕೈಯಲ್ಲಿ ಹಣವಿಲ್ಲದ ಮನುಷ್ಯ. ಬಡವನ ತೋಳು ಕಲಿಯುವವರ ಪಾಟಿಯಾಗಬಾರದು ಎಂಬ ಅರಿವು ಈಚೆಗೆ ಬಲವಾಗಿದೆ. 2019ರಲ್ಲಿ ನಮ್ಮ ದೇಶದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ಹೊಸ ರೂಪ ತಳೆದಾಗ, ವಿದ್ಯಾರ್ಥಿಗಳು ರೋಗಿಯ ಬಳಿಗೆ ಹೋಗುವ ಮೊದಲು ಮಾದರಿಗಳ ಮೇಲೆ ಕೈ ಪಳಗಿಸಿಕೊಳ್ಳುವ ಕೌಶಲ ಪ್ರಯೋಗಾಲಯಕ್ಕೆ ಅದರಲ್ಲಿ ಸ್ಥಾನ ದೊರೆಯಿತು.

ಹೊಸದೆಂದು ತೋರುವ ಈ ವಿಚಾರ ನಮ್ಮ ದೇಶಕ್ಕೆ ಬಹಳ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ 'ಯೋಗ್ಯಾಸೂತ್ರೀಯ' ಎಂದು ಹೆಸರು. ಯೋಗ್ಯಾ ಎಂದರೆ ಅಭ್ಯಾಸ. ಶಾಸ್ತ್ರವನ್ನೆಲ್ಲ ಓದಿದ್ದರೂ ಅಭ್ಯಾಸವಿಲ್ಲದವನು ಶಸ್ತ್ರಕರ್ಮಕ್ಕೆ ಅರ್ಹನಲ್ಲ ಎಂಬುದು ಅದರ ನಿಲುವು. ಹಾಗೆಂದು ಹೇಳಿ ಗ್ರಂಥಕಾರನು ಸುಮ್ಮನಾಗಲಿಲ್ಲ. ಯಾವ ಕೆಲಸವನ್ನು ಯಾವುದರ ಮೇಲೆ ಕಲಿಯಬೇಕೆಂಬುದನ್ನು ಒಂದೊಂದಾಗಿ ತಿಳಿಸಿದನು. ಕತ್ತರಿಸುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿಯಬೇಕು. ಕೀವು ತುಂಬಿದ ಕುರುವನ್ನು ಭೇದಿಸುವುದನ್ನು ನೀರು ಮತ್ತು ಕೆಸರು ತುಂಬಿದ ತೊಗಲಚೀಲದ ಮೇಲೆ ಕಲಿಯಬೇಕು. ರಕ್ತನಾಳವನ್ನು ಚುಚ್ಚುವುದಕ್ಕೆ ಸತ್ತ ಪ್ರಾಣಿಯ ಸಿರೆ ಅಥವಾ ನೈದಿಲೆಯ ದಂಟು. ಕೆರೆಯುವುದಕ್ಕೆ ಕೂದಲಿರುವ ಚರ್ಮ. ಒಳಗೆ ಸಿಲುಕಿದುದನ್ನು ಹೊರತೆಗೆಯುವುದಕ್ಕೆ ಹಲಸು, ತೊಂಡೆ, ಬಿಲ್ವಗಳ ತಿರುಳು. ಹೊಲಿಗೆಗೆ ಬಟ್ಟೆ ಮತ್ತು ಮೆದುವಾದ ಚರ್ಮ. ಪಟ್ಟಿ ಕಟ್ಟುವುದಕ್ಕೆ ಬಟ್ಟೆಯಿಂದ ಮಾಡಿದ ಆಳೆತ್ತರದ ಬೊಂಬೆ.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಅದರ ಹಿಂದಿರುವ ಸೂಕ್ಷ್ಮದೃಷ್ಟಿ ತಿಳಿಯುತ್ತದೆ. ಬಿಲ್ವದ ತಿರುಳಿನಲ್ಲಿ ಬೀಜವು ಅಂಟಿಕೊಂಡಿರುವ ರೀತಿ, ನೈದಿಲೆಯ ದಂಟಿನ ಒಳಗಿನ ಟೊಳ್ಳು, ಕುಂಬಳದ ಗಟ್ಟಿಸಿಪ್ಪೆಯ ಕೆಳಗಿನ ಮೆದುಭಾಗ - ಇವೆಲ್ಲವೂ ದೇಹದ ಒಂದೊಂದು ಗುಣವನ್ನು ಹೋಲುತ್ತವೆ. ಮಾದರಿಯು ನೋಟಕ್ಕೆ ದೇಹದಂತೆ ಇರಬೇಕಾಗಿಲ್ಲ. ಕೈಗೆ ದೇಹದಂತೆ ಇದ್ದರೆ ಸಾಕು ಎಂಬ ತತ್ತ್ವವು ಇಲ್ಲಿ ಅಡಗಿದೆ.

ಆಧುನಿಕ ವೈದ್ಯಕೀಯವು ಅಭ್ಯಾಸಕ್ಕೆ ಶವವನ್ನು ಆಶ್ರಯಿಸಿತು. ಅಂಗಾಂಗಗಳು ಎಲ್ಲೆಲ್ಲಿವೆ ಎಂಬುದನ್ನು ಶವದಷ್ಟು ಚೆನ್ನಾಗಿ ಕಲಿಸುವ ಸಾಧನ ಬೇರೊಂದಿಲ್ಲ. ಆದರೆ ಕೊಳೆಯದಂತೆ ಫಾರ್ಮಲಿನ್ ದ್ರಾವಣದಿಂದ ಸಂಸ್ಕರಿಸಿದ ದೇಹವು ಬಿರುಸಾಗುತ್ತದೆ. ಅದರ ಮೇಲೆ ಕಲಿತ ಕೈಗೆ ಜೀವಂತ ಮಾಂಸದ ಮೃದುತ್ವವು ಅಪರಿಚಿತವಾಗಿಯೇ ಉಳಿಯುತ್ತದೆ. ಮೇಕೆಯ ಕಣ್ಣು, ಹಂದಿಯ ಚರ್ಮ ಮುಂತಾದವುಗಳನ್ನೂ ಬಳಸುವುದುಂಟು. ಅವು ಒಂದೆರಡು ದಿನಗಳಲ್ಲಿ ಕೆಡುತ್ತವೆ. ರಬ್ಬರು, ಸಿಲಿಕೋನುಗಳ ಬೊಂಬೆಗಳು ಬಾಳಿಕೆ ಬರುತ್ತವೆ. ಆದರೆ ಬೆಲೆ ಹೆಚ್ಚು. ಈ ಕೊರತೆಯನ್ನು ತುಂಬಲು ನೆರವಾದ ವಸ್ತುವೊಂದು ಅನಿರೀಕ್ಷಿತವಾದ ಕಡೆಯಿಂದ, ಕಡಲಿನ ಬಂಡೆಗಳ ಮೇಲಿನಿಂದ ಬಂದಿತು.

ಕಡಲಪಾಚಿಗೂ ಮನುಷ್ಯನ ಮಾಂಸಕ್ಕೂ ಏನು ಸಂಬಂಧ? ನೆಲದ ಮರವು ತನ್ನ ಭಾರವನ್ನು ತಾನೇ ಹೊತ್ತು ನೆಟ್ಟಗೆ ನಿಲ್ಲಬೇಕು. ಅದಕ್ಕಾಗಿ ಅದು ಗಟ್ಟಿಯಾದ ಕಟ್ಟಿಗೆಯನ್ನು ಬೆಳೆಸಿಕೊಂಡಿತು. ಕಡಲಪಾಚಿಯ ಭಾರವನ್ನು ನೀರೇ ಹೊರುತ್ತದೆ. ಅದು ಎದುರಿಸಬೇಕಾದುದು ಬಿಡುವಿಲ್ಲದೆ ಬಡಿಯುವ ಅಲೆಯನ್ನು. ಅಲೆಯ ಮುಂದೆ ಸೆಟೆದು ನಿಂತದ್ದು ಮುರಿಯುತ್ತದೆ, ಬಾಗಿದ್ದು ಉಳಿಯುತ್ತದೆ. ಆದುದರಿಂದ ಪಾಚಿಯ ಕೋಶಗಳ ಗೋಡೆಗಳಲ್ಲಿ ಲೋಳೆಯಂತಹ, ಬಾಗಿ ಬಳುಕುವ ಪದಾರ್ಥವು ತುಂಬಿರುತ್ತದೆ. ಈ ಪದಾರ್ಥದ ಅಣುಗಳು ಉದ್ದವಾದ ಸರಪಳಿಗಳು. ಅವು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿ, ಆ ಬಲೆಯ ಕಣ್ಣುಗಳಲ್ಲಿ ನೀರನ್ನು ಹಿಡಿದಿಡುತ್ತವೆ. ಮನುಷ್ಯದೇಹದ ಮೃದುಭಾಗಗಳ ರಚನೆಯೂ ಹೆಚ್ಚುಕಡಮೆ ಇದೇ ಬಗೆಯದು: ಬಹುಪಾಲು ನೀರು, ಅದನ್ನು ಹಿಡಿದಿಟ್ಟ ಎಳೆಗಳ ಜಾಲ.

ಕೆಂಪುಪಾಚಿಯ ಕೆಲವು ಜಾತಿಗಳಿಂದ ದೊರೆಯುವ ಅಗರ್ ಎಂಬ ಪದಾರ್ಥವು ನಮ್ಮ ಪೇಟೆಗಳಿಗೆ ಹೊಸದಲ್ಲ. ಹುಬ್ಬಳ್ಳಿಯ ಕಿರಾಣಿ ಅಂಗಡಿಯಲ್ಲಿ 'ಚೈನಾ ಗ್ರಾಸ್' ಎಂದು ಕೇಳಿದರೆ ಬೆಳ್ಳಗಿನ, ಹಗುರವಾದ ಎಳೆಗಳ ಕಟ್ಟನ್ನು ಕೊಡುತ್ತಾರೆ. ಅದು ಹುಲ್ಲಲ್ಲ, ಈ ಹೆಸರನ್ನು ಇಟ್ಟವರು ಯಾರೋ ತಿಳಿಯದು. ಹಾಲು ಸಕ್ಕರೆಗಳೊಡನೆ ಅದನ್ನು ಕುದಿಸಿ ತಟ್ಟೆಗೆ ಸುರಿದರೆ ನಡುಗುವ ಸಿಹಿತಿನಿಸು ಸಿದ್ಧವಾಗುತ್ತದೆ. ಹದಿನೇಳನೆಯ ಶತಮಾನದ ಜಪಾನಿನಲ್ಲಿ ಛತ್ರದ ಯಜಮಾನನೊಬ್ಬನು ಉಳಿದ ಪಾಚಿಯ ತಿನಿಸನ್ನು ಚಳಿಗಾಲದ ರಾತ್ರಿಯಲ್ಲಿ ಹೊರಗೆ ಎಸೆದನೆಂದೂ, ಅದು ಇರುಳಿನಲ್ಲಿ ಹೆಪ್ಪುಗಟ್ಟಿ ಹಗಲಿನಲ್ಲಿ ಕರಗಿ ಒಣಗಿ ಎಳೆಯಾಯಿತೆಂದೂ, ಅದನ್ನು ಮತ್ತೆ ಕುದಿಸಿದಾಗ ಮೊದಲಿಗಿಂತ ಶುಭ್ರವಾದ ಲೋಳೆ ದೊರೆಯಿತೆಂದೂ ಅಲ್ಲಿಯ ಜನ ಹೇಳುತ್ತಾರೆ. ಅಡುಗೆಮನೆಯಿಂದ ಅದನ್ನು ವಿಜ್ಞಾನದ ಕೋಣೆಗೆ ತಂದವಳು ಒಬ್ಬ ಗೃಹಿಣಿ. ಜರ್ಮನಿಯ ವೈದ್ಯ ವಾಲ್ಟರ್ ಹೆಸ್ಸೆಯು ರಾಬರ್ಟ್ ಕಾಕ್‌ನ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳನ್ನು ಜೆಲಾಟಿನ್ ಎಂಬ ಪ್ರಾಣಿಜನ್ಯ ಲೋಳೆಯ ಮೇಲೆ ಬೆಳೆಸಲು ಯತ್ನಿಸುತ್ತಿದ್ದನು. ಬೇಸಗೆಯ ಬಿಸಿಗೆ ಅದು ಕರಗಿ ನೀರಾಗುತ್ತಿತ್ತು. ಅವನ ಹೆಂಡತಿ ಫ್ಯಾನಿ ಹೆಸ್ಸೆಯು ತಾನು ತಿನಿಸುಗಳಿಗೆ ಬಳಸುತ್ತಿದ್ದ ಅಗರನ್ನು ಸೂಚಿಸಿದಳು. ಜಾವಾದಲ್ಲಿ ನೆಲೆಸಿದ್ದ ನೆರೆಯವರಿಂದ ಅವಳು ಅದನ್ನು ಅರಿತಿದ್ದಳು. ಇದು ನಡೆದುದು 1881ರಲ್ಲಿ. ಮರುವರ್ಷ ಕಾಕ್‌ನು ಕ್ಷಯರೋಗದ ಜೀವಾಣುವನ್ನು ಕುರಿತು ಬರೆದಾಗ ಅಗರಿನ ಹೆಸರು ಬಂದಿತು. ಅವಳ ಹೆಸರು ಬರಲಿಲ್ಲ.

ಅಗರಿನ ಒಂದು ಗುಣವು ಬಹಳ ವಿಚಿತ್ರವಾದುದು. ಅದನ್ನು ಕರಗಿಸಲು ನೀರನ್ನು ಕುದಿಸಬೇಕು. ತಣಿಯುತ್ತ ಬಂದು ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಅದು ಗಟ್ಟಿಯಾಗುತ್ತದೆ. ಆದರೆ ಹಾಗೆ ಗಟ್ಟಿಯಾದುದು ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿಯವರೆಗೆ ಕಾಯಬೇಕು. ವೈಶಾಖದ ಬಿಸಿಲಿನಲ್ಲಿ ನವಲಗುಂದದ ಬಯಲು ಕಾದ ಹೆಂಚಿನಂತಾದಾಗ ಜೆಲಾಟಿನಿನ ಮಾದರಿಯು ಮೇಜಿನ ಮೇಲೆಯೇ ಸೋರಿಹೋಗುತ್ತದೆ. ಅಗರಿನ ಮಾದರಿಯು ನಿಲ್ಲುತ್ತದೆ. ನಮ್ಮ ನಾಡಿನ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಕಂದುಪಾಚಿಯಿಂದ ಬರುವ ಪದಾರ್ಥವು ಇನ್ನೊಂದು ಬಗೆಯದು. ಅದಕ್ಕೆ ಆಲ್ಜಿನೇಟ್ ಎಂದು ಹೆಸರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವವಿಜ್ಞಾನದ ವಿಭಾಗವಿದೆ. ಆ ಕರಾವಳಿಯ ಬಂಡೆಗಳ ಮೇಲೆ ಬೆಳೆಯುವ ಸರ್ಗಾಸಮ್ ಎಂಬ ಕಂದುಪಾಚಿಯಲ್ಲಿ ಆಲ್ಜಿನೇಟ್ ಇರುತ್ತದೆ. ಆಲ್ಜಿನೇಟ್ ಗಟ್ಟಿಯಾಗಲು ಬಿಸಿಯೂ ಬೇಡ, ತಂಪೂ ಬೇಡ. ಸುಣ್ಣದ ಅಂಶವಾದ ಕ್ಯಾಲ್ಸಿಯಮ್ ಬೇಕು. ಸೋಡಿಯಮ್ ಆಲ್ಜಿನೇಟಿನ ದ್ರಾವಣದ ಹನಿಯೊಂದು ಕ್ಯಾಲ್ಸಿಯಮ್ ಕ್ಲೋರೈಡಿನ ನೀರಿಗೆ ಬಿದ್ದೊಡನೆ ಮುತ್ತಿನಂತಹ ಮಣಿಯಾಗುತ್ತದೆ. ಕ್ಯಾಲ್ಸಿಯಮ್ಮಿನ ಕಣಗಳು ಎರಡು ಸರಪಳಿಗಳ ನಡುವಿನ ಗುಳಿಗಳಲ್ಲಿ, ತಟ್ಟೆಯ ಗುಳಿಗಳಲ್ಲಿ ಮೊಟ್ಟೆ ಕುಳಿತಂತೆ, ಕುಳಿತು ಅವನ್ನು ಬಿಗಿಯುತ್ತವೆ. ಈ ಪದಾರ್ಥವನ್ನು ಮೊದಲು ಬೇರ್ಪಡಿಸಿದವನು ಬ್ರಿಟನ್ನಿನ ರಸಾಯನತಜ್ಞ ಸ್ಟ್ಯಾನ್‌ಫರ್ಡ್. ಕಾಲ 1880ರ ದಶಕ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಅಗರ್ ದೊರೆಯದಂತಾದಾಗ ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಇದನ್ನು ಹಿಡಿದರು. ಇಂದಿಗೂ ಕಟ್ಟುಹಲ್ಲು ಮಾಡಿಸಿಕೊಂಡ ಅಜ್ಜ ಅಜ್ಜಿಯರು ತಮ್ಮ ಬಾಯಿಗೆ ತುಂಬಿದ ತಣ್ಣನೆಯ ಮೆದ್ದೆಯ ನೆನಪನ್ನು ಹೇಳುವುದುಂಟು. ಅದು ಕಡಲಪಾಚಿಯ ಮೆದ್ದೆ.

ಇನ್ನು ಅಗರಿನಿಂದ ಒಂದು ತೋಳಿನ ಮಾದರಿಯನ್ನು ಮಾಡುವ ಬಗೆಯನ್ನು ನೋಡಬಹುದು. ನೂರು ಗ್ರಾಂ ನೀರಿಗೆ ಅರ್ಧ ಗ್ರಾಮಿನಷ್ಟು ಅಗರ್ ಬೆರೆಸಿದರೆ ಬೆರಳು ತಾಗಿದೊಡನೆ ಒಡೆಯುವಷ್ಟು ಮೆದುವಾದ ಲೋಳೆಯಾಗುತ್ತದೆ. ಮಿದುಳಿನ ಮೃದುತ್ವವನ್ನು ಅನುಕರಿಸಲು ಸಂಶೋಧಕರು ಬಳಸುವುದು ಅಗರಿನ ಶುದ್ಧರೂಪವಾದ ಅಗರೋಸಿನ ಇಂತಹ ತೆಳುವಾದ ಲೋಳೆಯನ್ನೇ. ಎರಡು ಮೂರು ಗ್ರಾಂ ಬೆರೆಸಿದರೆ ಒತ್ತಿದಾಗ ಎದುರೊತ್ತುವ, ಸ್ನಾಯುವನ್ನು ನೆನಪಿಸುವ ಗಟ್ಟಿತನ ಬರುತ್ತದೆ. ಮೊದಲು ಗಟ್ಟಿಯಾದ ಪದರವನ್ನು ಹುಯ್ದು, ಅದರ ಮೇಲೆ ಸೈಕಲ್ಲಿನ ವಾಲ್‌ಟ್ಯೂಬಿನಂತಹ ತೆಳ್ಳನೆಯ ರಬ್ಬರು ನಳಿಗೆಯಲ್ಲಿ ಕೆಂಪುನೀರು ತುಂಬಿ ಎರಡು ತುದಿಗಳನ್ನೂ ಕಟ್ಟಿ ಇಡುತ್ತಾರೆ. ಅದರ ಮೇಲೆ ಮೆದುವಾದ ಪದರ ಬರುತ್ತದೆ; ಅದು ಚರ್ಮದ ಅಡಿಯ ಕೊಬ್ಬು. ಎಲ್ಲಕ್ಕೂ ಮೇಲೆ ಚರ್ಮದ ಬದಲು ತೆಳುವಾದ ರಬ್ಬರು ಹಾಳೆ.

ಕಲಿಯುವವನು ಮೊದಲು ಬೆರಳಿನಿಂದ ನಾಳವನ್ನು ತಡವಿ ಹುಡುಕಬೇಕು. ಸೂಜಿಯ ಓರೆಯಾದ ಬಾಯಿ ಮೇಲ್ಮುಖವಾಗಿರಬೇಕು. ಸೂಜಿಯು ಚರ್ಮಕ್ಕೆ ತಗ್ಗಿದ ಕೋನದಲ್ಲಿ ಒಳಹೋಗಬೇಕು. ಸರಿಯಾಗಿ ನಾಳವನ್ನು ಹೊಕ್ಕರೆ ಸೂಜಿಯ ಹಿಂಬದಿಯಲ್ಲಿ ಕೆಂಪು ಕಾಣಿಸುತ್ತದೆ. ಅವಸರಪಟ್ಟು ಇನ್ನಷ್ಟು ಒತ್ತಿದರೆ ಸೂಜಿಯು ನಾಳದ ಇನ್ನೊಂದು ಗೋಡೆಯನ್ನೂ ತೂರಿ ಆಚೆಗೆ ಹೋಗುತ್ತದೆ. ಜೀವಂತ ತೋಳಿನಲ್ಲಿ ಆಗುವ ಈ ತಪ್ಪು ಚರ್ಮದ ಕೆಳಗೆ ಮರೆಯಾಗಿರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಬಾವು ಎದ್ದಾಗಲೇ ತಿಳಿಯುವುದು. ಅಗರ್ ಅರೆಪಾರದರ್ಶಕವಾದುದರಿಂದ, ಮಾದರಿಯನ್ನು ಪಕ್ಕದಿಂದ ನೋಡಿದರೆ ಕೆಂಪುನೀರು ಲೋಳೆಯೊಳಗೆ ಸೋರಿರುವುದು ಕಣ್ಣಿಗೆ ಬೀಳುತ್ತದೆ. ಸೂಜಿ ಎಲ್ಲಿ ಹೊಕ್ಕಿತು, ಎಲ್ಲಿ ತಪ್ಪಿತು, ಎಷ್ಟು ಆಳಕ್ಕೆ ಹೋಯಿತು ಎಂಬುದೆಲ್ಲವನ್ನೂ ಗುರುವು ಬೆರಳಿಟ್ಟು ತೋರಿಸಬಲ್ಲನು. ತಪ್ಪನ್ನು ಹೀಗೆ ಬೆಳಕಿಗೆ ಹಿಡಿದು ನೋಡುವ ಅವಕಾಶವನ್ನು ಶವವಾಗಲಿ, ಬೆಲೆಬಾಳುವ ರಬ್ಬರು ಬೊಂಬೆಯಾಗಲಿ ಕೊಡಲಾರವು.

ಶಬ್ದತರಂಗಗಳಿಂದ ದೇಹದ ಒಳಗನ್ನು ನೋಡುವ ಅಲ್ಟ್ರಾಸೌಂಡ್ ಯಂತ್ರದ ಅಭ್ಯಾಸಕ್ಕೂ ಇಂತಹ ಮಾದರಿ ಒಗ್ಗುತ್ತದೆ. ದೇಹದ ಮೃದುಭಾಗಗಳಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1540 ಮೀಟರು ಚಲಿಸುತ್ತದೆ. ನೀರೇ ಹೆಚ್ಚಾಗಿರುವ ಅಗರಿನಲ್ಲಿಯೂ ಅದರ ವೇಗ ಇದಕ್ಕೆ ಸಮೀಪವಾಗಿಯೇ ಇದೆ. ಬರಿಯ ಲೋಳೆಯು ಯಂತ್ರದ ಪರದೆಯ ಮೇಲೆ ಕಪ್ಪಾಗಿ ಕಾಣುವುದರಿಂದ, ಮಾಂಸದ ಬೂದುಬಣ್ಣ ಬರಲೆಂದು ಅದಕ್ಕೆ ಗ್ರಾಫೈಟಿನ ಪುಡಿಯನ್ನೋ ಇಸಬಗೋಲನ್ನೋ ಬೆರೆಸುತ್ತಾರೆ. ಹೊಟ್ಟೆಯ ತೊಂದರೆಗೆ ಮನೆಯಲ್ಲಿ ನುಂಗುವ ಇಸಬಗೋಲು ಇಲ್ಲಿ ಯಕೃತ್ತಿನ ವೇಷ ಹಾಕುತ್ತದೆ.

ಈ ಲೋಳೆಗೆ ದೋಷಗಳೂ ಉಂಟು. ಅಗರ್ ಹಿಗ್ಗುವ ಗುಣದಲ್ಲಿ ಬಡವ. ಎಳೆದರೆ ಚರ್ಮದಂತೆ ಬರದೆ ಸಟ್ಟನೆ ಬಿರಿಯುತ್ತದೆ. ಹೊಲಿಗೆಯ ದಾರವನ್ನು ಬಿಗಿದರೆ ಅದು ಲೋಳೆಯನ್ನೇ ಕೊಯ್ದುಕೊಂಡು ಬರುತ್ತದೆ. ಆದುದರಿಂದ ಹೊಲಿಗೆಯ ಅಭ್ಯಾಸಕ್ಕೆ ಬರಿಯ ಅಗರ್ ತಕ್ಕುದಲ್ಲ. ಸುಶ್ರುತನು ಹೇಳಿದ ಬಟ್ಟೆಯೂ ಚರ್ಮವೂ ಇಂದಿಗೂ ಅದಕ್ಕಿಂತ ಮೇಲು. ತೆರೆದಿಟ್ಟರೆ ಅದು ನೀರು ಬಿಟ್ಟು ಕುಗ್ಗುತ್ತದೆ. ಕೆಲವು ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ.

ಆಲ್ಜಿನೇಟ್ ಈ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2020ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆಡಮ್ ಫೈನ್‌ಬರ್ಗ್ ಮತ್ತು ಅವರ ಸಂಗಡಿಗರು ಆಲ್ಜಿನೇಟಿನಿಂದ ಮನುಷ್ಯನ ಹೃದಯದ ಪೂರ್ಣಗಾತ್ರದ ಮಾದರಿಯನ್ನು ಮುದ್ರಿಸಿದರು. ಮುದ್ರಣವೆಂದರೆ ಕಾಗದದ ಮೇಲಿನ ಮುದ್ರಣವಲ್ಲ. ರೋಗಿಯೊಬ್ಬನ ಹೃದಯದ ಎಂ.ಆರ್.ಐ. ಚಿತ್ರವನ್ನು ಅನುಸರಿಸಿ ಯಂತ್ರದ ಸೂಜಿಯು ಪದರದ ಮೇಲೆ ಪದರವನ್ನು ಹಾಕುತ್ತ ಹೋಗುವ ವಿಧಾನ. ಮೆದುವಾದ ಆಲ್ಜಿನೇಟ್ ಗಾಳಿಯಲ್ಲಿ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಆದುದರಿಂದ ಜೆಲಾಟಿನಿನ ತೊಟ್ಟಿಯೊಳಗೆ ಸೂಜಿಯನ್ನು ಇಳಿಸಿ, ಆ ಮೆದ್ದೆಯ ಆಸರೆಯಲ್ಲಿಯೇ ಹೃದಯವನ್ನು ಕಟ್ಟಿದರು. ಮುಗಿದ ಮೇಲೆ ತೊಟ್ಟಿಯನ್ನು ಮೈಯ ಶಾಖದಷ್ಟು ಬೆಚ್ಚಗೆ ಮಾಡಿದಾಗ ಜೆಲಾಟಿನ್ ಕರಗಿಹೋಯಿತು, ಹೃದಯ ಉಳಿಯಿತು. ಯಾವ ಗುಣವು ಹೆಸ್ಸೆಗೆ ತೊಡಕಾಗಿತ್ತೋ ಆ ಗುಣವೇ ಇಲ್ಲಿ ಉಪಕಾರಕ್ಕೆ ಬಂದಿತು. ಈ ಹೃದಯವು ಹೊಲಿಗೆಯನ್ನು ತಡೆದುಕೊಳ್ಳುತ್ತದೆ. ಶಸ್ತ್ರವೈದ್ಯನು ನಾಳೆ ತೆರೆಯಬೇಕಾದ ಹೃದಯದ ಪ್ರತಿಯನ್ನೇ ಇಂದು ಕೈಯಲ್ಲಿ ಹಿಡಿದು ಅಭ್ಯಾಸ ಮಾಡುವ ದಾರಿ ಇದರಿಂದ ತೆರೆದಿದೆ.

ಹೀಗಿದ್ದರೂ ಲೋಳೆಯ ಮಾದರಿಯು ದೇಹದ ಎಲ್ಲ ಪಾಠವನ್ನೂ ಹೇಳಲಾರದು. ಅದಕ್ಕೆ ಭಯವಿಲ್ಲ, ಅದು ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಪ್ರತಿ ಮನುಷ್ಯನಲ್ಲಿಯೂ ತುಸು ಬೇರೆಯಾಗಿ ಹರಿಯುವ ನಾಳಗಳ ವೈವಿಧ್ಯವೂ ಅದರಲ್ಲಿಲ್ಲ. ಆ ಪಾಠಕ್ಕೆ ಮನುಷ್ಯದೇಹವೇ ಬೇಕು. ಧಾರವಾಡದ ನೆರೆಯ ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ಡಾ. ಬಸವಣ್ಣೆಪ್ಪ ರಾಮಣ್ಣವರ ಎಂಬ ವೈದ್ಯರಿದ್ದರು. ತಾವು ಸತ್ತ ಮೇಲೆ ತಮ್ಮ ದೇಹವು ವಿದ್ಯಾರ್ಥಿಗಳ ಅಭ್ಯಾಸಕ್ಕೆ ಸಲ್ಲಬೇಕೆಂಬುದು ಅವರ ಇಚ್ಛೆಯಾಗಿತ್ತು. ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರು. 2010ರ ನವೆಂಬರಿನಲ್ಲಿ, ತಂದೆ ತೀರಿಕೊಂಡ ಎರಡು ವರ್ಷಗಳ ತರುವಾಯ, ಮಗನು ವಿದ್ಯಾರ್ಥಿಗಳ ಎದುರಿಗೆ ತಂದೆಯ ದೇಹವನ್ನು ತಾನೇ ಛೇದಿಸಿ ಪಾಠ ಹೇಳಿದನು. ಅಂದು ಆ ಮೇಜಿನ ಸುತ್ತ ನಿಂತಿದ್ದ ವಿದ್ಯಾರ್ಥಿಗಳು ಕಲಿತುದು ಅಂಗರಚನೆಯನ್ನು ಮಾತ್ರವೇ ಆಗಿರಲಾರದು. ಇಂತಹ ದಾನಗಳು ಸುಲಭವಾಗಿ ದೊರೆಯುವಂಥವಲ್ಲ. ದೊರೆತ ದೇಹದ ಮೇಲೆ ತೀರ ಮೊದಲ ಕೊಯ್ತದ, ಮೊದಲ ಚುಚ್ಚಿನ ಒರಟುತನವನ್ನು ತೋರಿಸುವುದು ಸಲ್ಲದು. ಆ ಒರಟುತನ ಕಳೆಯುವವರೆಗಿನ ಕೆಲಸವು ಕಡಲಪಾಚಿಯದು.

ಅಭ್ಯಾಸದ ಅವಧಿ ಮುಗಿದ ಮೇಲೆ ಅಗರಿನ ಮಾದರಿಯನ್ನು ಎಸೆಯಬೇಕಾಗಿಲ್ಲ. ರಬ್ಬರಿನ ನಳಿಗೆಯನ್ನೂ ಹಾಳೆಯನ್ನೂ ಬೇರ್ಪಡಿಸಿ, ಉಳಿದ ಲೋಳೆಯನ್ನು ತುಂಡು ತುಂಡಾಗಿ ಪಾತ್ರೆಗೆ ಹಾಕಿ, ಆರಿದ ನೀರಿನಷ್ಟನ್ನು ಸೇರಿಸಿ ಒಲೆಯ ಮೇಲಿಟ್ಟರೆ ಎಲ್ಲ ಚುಚ್ಚುಗಳೂ ಸೀಳುಗಳೂ ಕುದಿಯುವ ನೀರಿನಲ್ಲಿ ಕರಗಿಹೋಗುತ್ತವೆ. ಸೋರಿದ ಕೆಂಪುಬಣ್ಣದ ನಸುಛಾಯೆ ಮಾತ್ರ ಉಳಿಯುತ್ತದೆ. ಅದನ್ನು ಮತ್ತೆ ಅಚ್ಚಿಗೆ ಹುಯ್ದು ತಣಿಯಲು ಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಮುಂದಿನ ತಂಡಕ್ಕೆ ಹೊಸ ತೋಳು ಸಿದ್ಧವಾಗಿರುತ್ತದೆ.